ದುರ್ಯೋಧನ ಬೀಳಲೇಬೇಕು

ಸೂತಕವೂ ಅಲ್ಲದ, ಸಂಭ್ರಮವೂ ಅಲ್ಲದ ಒಂದು ಸ್ಥಿತಿ ಇದೆ. ವರ್ಷಗಟ್ಟಲೆ ನೋಡಿದ ಸೀರಿಯಲ್ಲೊಂದು ಮುಗಿದಿರುತ್ತದೆ. ಬಯ್ದು ಹಗುರಾಗೋಣ ಎಂದರೆ ಅಷ್ಟು ಕೆಟ್ಟದಾಗಿ ಮುಗಿದಿರುವುದಿಲ್ಲ, ಚಪ್ಪಾಳೆ ತಟ್ಟೋಣ ಎಂದರೆ ಕೈ ಏಳುವುದಿಲ್ಲ. ಟಿ.ವಿ. ಮುಂದೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಯಾರೋ ಒಬ್ಬರು "ಹೂಂ, ಪರವಾಗಿಲ್ಲ" ಎಂದು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಅಲ್ಲಿಗೆ ಹತ್ತು ವರ್ಷದ ಸಂಬಂಧ ಕಡಿದುಬಿತ್ತು.

ನಾನು ಹೇಳುತ್ತಿರುವುದು 'ಸ್ಟ್ರೇಂಜರ್ ಥಿಂಗ್ಸ್' ವಿಚಾರ. ಮ್ಯಾಟ್ ಮತ್ತು ರಾಸ್ ಡಫರ್ ಎಂಬ ಅವಳಿ ಸೋದರರು ಕಟ್ಟಿದ ಈ ವೈಜ್ಞಾನಿಕ ಕಥೆ ನೆಟ್‌ಫ್ಲಿಕ್ಸಿನಲ್ಲಿ ಶುರುವಾದದ್ದು 2016ರ ಜುಲೈ 15ರಂದು. ಐದು ಸೀಸನ್ನು, ಒಟ್ಟು 42 ಕಂತು. ಕೊನೆಯ ಕಂತು ಅಮೆರಿಕದವರಿಗೆ 2025ರ ಡಿಸೆಂಬರ್ 31ರ ಸಂಜೆ ಬಂತು. ನಮಗೆ ಅಷ್ಟೊತ್ತಿಗೆ ವರ್ಷವೇ ಬದಲಾಗಿ 2026ರ ಜನವರಿ 1, ಬೆಳಗ್ಗೆ ಆರೂವರೆ. ಮಂಡ್ಯದ ಚಳಿಯಲ್ಲಿ ಶಾಲು ಹೊದ್ದು ಕೂತು ನೋಡಿದವರು ನಾನು ಮತ್ತು ಮದ್ದೂರಿನಿಂದ ಬಂದಿದ್ದ ನನ್ನ ಅಕ್ಕನ ಮಗಳು. ಮೊದಲ ಸೀಸನ್ ಬಂದಾಗ ಅವಳು ಮಿಡ್ಲ್‌ಸ್ಕೂಲು. ಈಗ ಬೆಂಗಳೂರಿನಲ್ಲಿ ಕೆಲಸ. ಕಥೆಯ ನಾಯಕಿ ಇಲೆವೆನ್ ಪಾತ್ರದ ಮಿಲ್ಲಿ ಬಾಬಿ ಬ್ರೌನ್‌ಗೂ ಇವಳಿಗೂ ಒಂದೇ ವಯಸ್ಸು. ಆ ಹುಡುಗಿಗೆ 2024ರಲ್ಲೇ ಮದುವೆ ಆಯಿತು ಎಂಬುದನ್ನು ನಮ್ಮಕ್ಕ ಮಗಳಿಗೆ ಆಗಾಗ ನೆನಪಿಸುತ್ತಿರುತ್ತಾಳೆ. ಸರಣಿಯ ಬಗ್ಗೆ ಅಕ್ಕನಿಗೆ ಗೊತ್ತಿರುವುದು ಅದೊಂದೇ.

ಇನ್ನೂ ನೋಡದವರು ಇಲ್ಲಿಗೇ ಪುಟ ಮಗುಚಬಹುದು. ಮುಂದೆ ಗುಟ್ಟೆಲ್ಲ ಬಯಲು.

ಅಮೆರಿಕದ ಇಂಡಿಯಾನಾ ರಾಜ್ಯದ ಹಾಕಿನ್ಸ್ ಎಂಬ ಇಲ್ಲದ ಊರಿನ ಕಥೆ ಮಳವಳ್ಳಿ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದವನಿಗೆ ಯಾಕೆ ಹಿಡಿಸಿತು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಕರೆಂಟು. ಶಿವನಸಮುದ್ರದ ವಿದ್ಯುದಾಗಾರ ನಮ್ಮ ತಾಲ್ಲೂಕಿನದು. 1902ರಲ್ಲಿ ಅಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿ.ಮೀ. ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. 1905ಕ್ಕೆ ಬೆಂಗಳೂರಿಗೆ, 1908ಕ್ಕೆ ಮೈಸೂರಿಗೆ ಹೋಯಿತು. ಸುತ್ತಮುತ್ತಲ ಹಳ್ಳಿಗಳಿಗೆ ಅದು ಬರುವ ಹೊತ್ತಿಗೆ ತಲೆಮಾರುಗಳೇ ಕಳೆದಿದ್ದವು. ಬಂದ ಮೇಲೂ ನಾನು ಚಿಕ್ಕವನಿದ್ದಾಗ ಸಂಜೆಯ ಬಲ್ಬು ಒಮ್ಮೆ ಮಂಕಾಗಿ, ಒಮ್ಮೆ ಪ್ರಖರವಾಗಿ, ಆಮೇಲೆ ಇಲ್ಲವಾಗುತ್ತಿತ್ತು. ಅಜ್ಜಿ ಸೀಮೆಎಣ್ಣೆ ಬುಡ್ಡಿ ಹುಡುಕುವ ಆ ಕ್ಷಣದಲ್ಲಿ ಕೊಟ್ಟಿಗೆಯ ಕಡೆ ಏನೋ ಸರಿದ ಹಾಗೆ ಆಗುತ್ತಿತ್ತು.

ಮೊದಲ ಸೀಸನ್ನಿನ ಜೀವ ಇದ್ದದ್ದು ಅಲ್ಲೇ. ವಿಲ್ ಎಂಬ ಹುಡುಗ ಕಾಣೆಯಾಗಿದ್ದಾನೆ. ಊರು ಅವನು ಸತ್ತ ಎನ್ನುತ್ತದೆ. ತಾಯಿ ಜಾಯ್ಸ್ ಒಪ್ಪುವುದಿಲ್ಲ. ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಇಪ್ಪತ್ತಾರು ಇಂಗ್ಲಿಷ್ ಅಕ್ಷರ ಬರೆದು, ಒಂದೊಂದರ ಮೇಲೂ ಕ್ರಿಸ್‌ಮಸ್ಸಿನ ಪುಟ್ಟ ಬಲ್ಬು ತೂಗುಬಿಟ್ಟು, ಕೈಯಲ್ಲಿ ಕೊಡಲಿ ಹಿಡಿದು ಕಾಯುತ್ತಾಳೆ. ಇನ್ನೊಂದು ಲೋಕದಲ್ಲಿ ಸಿಕ್ಕಿಕೊಂಡ ಮಗ ಒಂದೊಂದೇ ಬಲ್ಬು ಹೊತ್ತಿಸಿ ಅಕ್ಷರ ಕೂಡಿಸಿ ಉತ್ತರ ಕೊಡುತ್ತಾನೆ. ವಿನೋನಾ ರೈಡರ್ ಎಂಬ ನಟಿ ಆ ಬಲ್ಬುಗಳನ್ನು ನೋಡುವ ನೋಟವಿದೆಯಲ್ಲ, ಅದಕ್ಕೆ ಯಾವ ಗ್ರಾಫಿಕ್ಸೂ ಬೇಕಿರಲಿಲ್ಲ. ಹುಡುಗರು ಸೈಕಲ್ ತುಳಿದುಕೊಂಡು ಕಾಡಿಗೆ ಹೋಗುವುದನ್ನು ಕಂಡಾಗ ನನಗೆ ನೆನಪಾಗುತ್ತಿದ್ದದ್ದು ನಾಲೆ ಏರಿ, ಎರಡೂ ಕಡೆ ಆಳೆತ್ತರ ಬೆಳೆದ ಕಬ್ಬು. ಆ ಕಬ್ಬಿನೊಳಗೆ ಏನಿದೆ ಎಂದು ಇವತ್ತಿಗೂ ಯಾರೂ ಖಚಿತವಾಗಿ ಹೇಳಲಾರರು. ಆಗಾಗ ಚಿರತೆ ಇರುತ್ತದೆ. ತೋರಿಸದೆ ಹೆದರಿಸುವುದು ಹೇಗೆ ಎಂದು ಗೊತ್ತಿದ್ದ ಸರಣಿ ಅದು.

ಅಂಥ ಸರಣಿ ಕೊನೆಯಲ್ಲಿ ಎಲ್ಲವನ್ನೂ ತೋರಿಸಿತು. ಎರಡು ಗಂಟೆ ಎಂಟು ನಿಮಿಷದ ಕಂತು. ಖಳ ವೆಕ್ನಾನ ಬೇರೆ ಲೋಕಕ್ಕೆ ಇಡೀ ತಂಡ ಹೋಗುತ್ತದೆ. ಊರಿನ ಮೇಲೆ ಆ ಲೋಕವೇ ಕುಸಿಯಬೇಕು, ಅದನ್ನು ತಡೆಯಬೇಕು. ಜೇಡದ ಆಕಾರದ ಬೆಟ್ಟದಂಥ ಮೈಂಡ್ ಫ್ಲೇಯರ್ ಏಳುತ್ತದೆ. ಎರಡನೇ ಸೀಸನ್ನಿನಿಂದ ಆಕಾಶದಲ್ಲಿ ಅದರ ನೆರಳು ಕಂಡೇ ನಡುಗಿದ್ದೆವು. ನಿಜವಾಗಿ ಎದ್ದು ನಿಂತಾಗ ಹುಡುಗರು ಬೆಂಕಿ ಎಸೆದು, ಗುಂಡು ಹಾರಿಸಿ ಕೆಡವಿದರು. ಮೊದಲ ಸೀಸನ್ನಿನಲ್ಲಿ ಡೆಮೊಗಾರ್ಗನ್ ಎಂಬ ಒಂದೇ ಒಂದು ರಕ್ಕಸ ಪ್ರಾಣಿ ಇಡೀ ಊರಿನ ನಿದ್ದೆ ಕೆಡಿಸಿತ್ತು. ಅವುಗಳ ತವರಿಗೇ ನುಗ್ಗಿದ ದಿನ ಒಂದೂ ಎದುರಿಗೆ ಬರಲಿಲ್ಲ. "ಮಾವ, ಅವೆಲ್ಲ ಎಲ್ಲಿಗೆ ಹೋದ್ವು?" ಎಂದಳು ಹುಡುಗಿ. "ಹೊಸ ವರ್ಷದ ರಜ" ಎಂದೆ.

ಸ್ಟೀವ್ ಎತ್ತರದ ಗೋಪುರದಿಂದ ಜಾರಿದ. ಅವನು ಎಲ್ಲರ ಕಣ್ಮಣಿ; ಸಾಯುವುದಾದರೆ ಅವನೇ ಎಂದು ವರ್ಷಗಳಿಂದ ಲೆಕ್ಕ ಹಾಕಿದ್ದರು. ನಮ್ಮಿಬ್ಬರ ಕೈಯಲ್ಲಿದ್ದ ಮದ್ದೂರು ವಡೆ ಅಲ್ಲೇ ನಿಂತಿತು. ಮರುಕ್ಷಣ ಜೊತೆಗಿದ್ದ ಜೊನಾಥನ್ ಕೈ ಹಿಡಿದು ಎತ್ತಿದ. ನಾವು ವಡೆ ಕಚ್ಚಿದೆವು. ನನಗೆ ಅನುಮಾನ ಬಂದದ್ದು ಆಗಲೇ. ಇವರಿಗೆ ಯಾರನ್ನೂ ಕೈಬಿಡುವ ಮನಸ್ಸಿಲ್ಲ. ನಮ್ಮನ್ನು ಒಂದು ಕ್ಷಣ ಹೆದರಿಸಿದ್ದಷ್ಟೇ ಲಾಭ.

ಯುದ್ಧ ಮುಗಿದ ಮೇಲೂ ಅರ್ಧ ಗಂಟೆಗೂ ಮೀರಿ ಕಥೆ ನಡೆಯಿತು. ಹದಿನೆಂಟು ತಿಂಗಳ ನಂತರ ಶಾಲೆ ಮುಗಿಸುವ ಸಮಾರಂಭ. ಒಬ್ಬ ಭಾಷಣ ಮಾಡಿದ. ಇನ್ನೊಬ್ಬ ಮದುವೆಯ ಮಾತೆತ್ತಿದ. ಹಿರಿಯ ಹುಡುಗರು ಮಾಳಿಗೆ ಮೇಲೆ ಕೂತು ತಿಂಗಳಿಗೊಮ್ಮೆ ಸೇರೋಣ ಎಂದರು. ಪ್ರತಿಯೊಬ್ಬರಿಗೂ ಒಂದು ಅಪ್ಪುಗೆ, ಒಂದು ಮಾತು, ಒಂದು ಕಣ್ಣೀರು. ನಮ್ಮ ಸಭೆಗಳ ಕೊನೆಯಲ್ಲಿ ವಂದನಾರ್ಪಣೆಗೆ ನಿಂತವರು ಮೈಕು, ಶಾಮಿಯಾನ, ಊಟದವರನ್ನೂ ಬಿಡದೆ ನೆನೆಯುತ್ತಾರಲ್ಲ, ಹಾಗಿತ್ತು. ತಮಾಷೆ ಎಂದರೆ ವಂದನಾರ್ಪಣೆಯಲ್ಲಿ ಆಗುವ ಹಾಗೆ ಮುಖ್ಯ ಅತಿಥಿಯ ಹೆಸರೇ ಬಿಟ್ಟುಹೋಯಿತು. 1984ರ 'ಟರ್ಮಿನೇಟರ್'ನ ನಾಯಕಿ ಲಿಂಡಾ ಹ್ಯಾಮಿಲ್ಟನ್ ಅವರನ್ನು ಕರೆತಂದು ಕ್ರೂರ ಮಿಲಿಟರಿ ವಿಜ್ಞಾನಿಯ ಪಾತ್ರ ಕೊಟ್ಟಿದ್ದರು. ಆಕೆ ಕಡೆಗೆ ಏನಾದಳು, ಆಕೆಯ ಸೈನಿಕರನ್ನು ಕೊಂದ ಹುಡುಗರನ್ನು ಸರ್ಕಾರ ಹೇಗೆ ಸುಮ್ಮನೆ ಬಿಟ್ಟಿತು, ಒಂದಕ್ಷರವಿಲ್ಲ.

ನನ್ನ ಮುಖ ನೋಡಿ ಹುಡುಗಿ ವಾದಕ್ಕೆ ನಿಂತಳು. "ಅಲ್ಲ ಮಾವ, ಎಲ್ರನ್ನೂ ಸಾಯಿಸಿದ್ರೆ ಒಳ್ಳೆ ಎಂಡಿಂಗಾ? ಹತ್ತು ವರ್ಷ ಕಷ್ಟಪಟ್ಟಿದಾರೆ, ನೆಮ್ಮದಿಯಾಗಿ ಇರ್ಲಿ ಬಿಡಿ."

ಮಾತು ಸರಿಯೇ. ಹೆಣದ ಲೆಕ್ಕ ಹಾಕಿ ಅಂತ್ಯಕ್ಕೆ ಮಾರ್ಕ್ಸು ಕೊಡುವುದು ನನಗೂ ಇಷ್ಟವಿಲ್ಲ. ಆದರೂ ಏನೋ ತಪ್ಪಿದೆ ಎನ್ನಿಸುತ್ತಿತ್ತು. ಅದೇನೆಂದು ಗೊತ್ತಾದದ್ದು ಆ ವಾರದ ಕೊನೆಗೆ ಊರಿಗೆ ಹೋಗಿ ದೊಡ್ಡಪ್ಪನ ಹತ್ತಿರ ಕೂತಾಗ.

ದೊಡ್ಡಪ್ಪ ಹಳೆಯ ದುರ್ಯೋಧನ. ಈ ಮಾತು ಮಂಡ್ಯದವರಿಗೆ ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಹಬ್ಬ, ಜಾತ್ರೆ ಬಂತೆಂದರೆ 'ಕುರುಕ್ಷೇತ್ರ' ನಾಟಕ ಆಗಬೇಕು. ರಾತ್ರಿ ಊಟ ಮುಗಿಸಿ ಶುರುವಾದರೆ ಬೆಳಕು ಹರಿಯುವವರೆಗೆ. ಒಂದು ಕಾಲಕ್ಕೆ ಗುಬ್ಬಿ ವೀರಣ್ಣನವರ ಕಂಪನಿಯ ಕುರುಕ್ಷೇತ್ರದಲ್ಲಿ ಆನೆ, ಕುದುರೆಗಳೇ ರಂಗದ ಮೇಲೆ ಬರುತ್ತಿದ್ದವು. ಹಳ್ಳಿಗೆ ಬಂದ ಕುರುಕ್ಷೇತ್ರದಲ್ಲಿ ಆನೆ ಇಲ್ಲ; ಬಾಡಿಗೆಯ ಸೀನರಿ, ಬಾಡಿಗೆಯ ಕಿರೀಟ, ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ಕರೆಸಿದ ಕಲಾವಿದೆ, ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು. ಉಳಿದ ಪಾತ್ರವೆಲ್ಲ ಊರಿನವರದೇ. ಇಲ್ಲಿ ನಟನಿಗೆ ಸಂಬಳ ಇಲ್ಲ. ನಟನೇ ದುಡ್ಡು ಕೊಡಬೇಕು. ಒಂದೊಂದು ಪಾತ್ರಕ್ಕೆ ಒಂದೊಂದು ರೇಟು. ಹಾಡು ಜಾಸ್ತಿ ಇದ್ದಷ್ಟೂ ರೇಟು ಜಾಸ್ತಿ. ಕೃಷ್ಣ, ದುರ್ಯೋಧನರ ಪಾತ್ರ ತುಟ್ಟಿ, ವಿದುರ ಅಗ್ಗ. ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸು. ನಾಟಕದ ದಿನ ಬೀಗರು, ನೆಂಟರು ಬಂದು ಕೂರುತ್ತಾರೆ. ಮೆಚ್ಚಿದ ಹಾಡಿಗೆ 'ಒನ್ಸ್ ಮೋರ್' ಬೀಳುತ್ತದೆ, ನೋಟಿನ ಹಾರ ಬೀಳುತ್ತದೆ, ಕೃಷ್ಣ ಸಂಧಾನದ ನಡುವೆ ಕಥೆ ಅಷ್ಟು ಹೊತ್ತು ನಿಲ್ಲುತ್ತದೆ. ಯಾರಿಗೂ ಬೇಸರವಿಲ್ಲ. ಕಥೆ ಗೊತ್ತಿರುವುದೇ, ಎಲ್ಲಿಗೂ ಓಡಿಹೋಗುವುದಿಲ್ಲ.

ದೊಡ್ಡಪ್ಪ ದುರ್ಯೋಧನನ ಪಾತ್ರ ಹಿಡಿದ ವರ್ಷ ಭೀಮನ ಪಾತ್ರ ಹಿಡಿದವನು ಅವನ ದಾಯಾದಿ. ಇಬ್ಬರಿಗೂ ಗದ್ದೆಯ ಬದುವಿನ ತಕರಾರು, ಮಾತುಕತೆ ನಿಂತು ಬಹಳ ಕಾಲ ಆಗಿತ್ತು. ಪಾತ್ರ ಹಂಚುವಾಗ ಅದು ಯಾರ ತಲೆಗೂ ಹೊಳೆದಿರಲಿಲ್ಲ. ಪ್ರಾಕ್ಟೀಸು ಗದಾಯುದ್ಧಕ್ಕೆ ಬಂದಾಗ ದೊಡ್ಡಪ್ಪನಿಗೆ ಹೊಳೆಯಿತು: ಇಡೀ ಊರು, ಬೀಗರು ನೋಡುತ್ತಿರುವಾಗ ಇವನ ಕಾಲ ಬುಡದಲ್ಲಿ ನಾನು ಬೀಳಬೇಕು. ಅವತ್ತು ರಾತ್ರಿ ಮೇಷ್ಟ್ರನ್ನು ಪಕ್ಕಕ್ಕೆ ಕರೆದು, ಕೊಟ್ಟ ದುಡ್ಡಿನ ಮೇಲೆ ಇನ್ನಷ್ಟು ಕೊಡುತ್ತೇನೆ, ಆ ಏಟು ಬಿದ್ದ ಕೂಡಲೆ ಪರದೆ ಬಿಟ್ಟುಬಿಡಿ, ಬೀಳುವುದು ಬೇಡ ಎಂದ. ಮೇಷ್ಟ್ರು ಬೀಡಿ ಆರಿಸಿ ಹೇಳಿದ್ದನ್ನು ದೊಡ್ಡಪ್ಪ ಇವತ್ತಿಗೂ ಅವರ ದನಿಯಲ್ಲೇ ಹೇಳುತ್ತಾನೆ. "ಹಾಡು ಬೇಕಾದ್ರೆ ಇನ್ನೊಂದು ಹಾಕ್ಕೊಡ್ತೀನಿ ಗೌಡ್ರೆ. ಬೀಳದು ಮಾತ್ರ ಬೀಳ್ಲೇಬೇಕು."

ಬಿದ್ದ. ಬಿದ್ದು, ಮೇಷ್ಟ್ರು ಹಾಕಿಕೊಟ್ಟ ಹೊಸ ಹಾಡನ್ನು ಮಲಗಿಕೊಂಡೇ ಎತ್ತಿದ. ಮೂಡಲಲ್ಲಿ ಬೆಳಕು ಹರಿಯುತ್ತಿತ್ತು, ನಿದ್ದೆ ಹೋದವರೆಲ್ಲ ಎದ್ದು ಕೂತರು, 'ಒನ್ಸ್ ಮೋರ್' ಬಿತ್ತು. ತೊಡೆ ಮುರಿದ ದುರ್ಯೋಧನ ಎದ್ದು ನಿಂತು, ಸಭೆಗೆ ಕೈಮುಗಿದು, ಹಾಡನ್ನು ಇನ್ನೊಮ್ಮೆ ಹಾಡಿ, ಮತ್ತೆ ಅದೇ ಜಾಗದಲ್ಲಿ ಮಲಗಿದ. ಭೀಮ ಗದೆ ಊರಿಕೊಂಡು ಕಾಯುತ್ತ ನಿಂತಿದ್ದ.

ನನಗೆ ಬೇಕಿದ್ದದ್ದು ಆ ಮೇಷ್ಟ್ರ ಮಾತು. ಹಾಕಿನ್ಸಿನ ಕೊನೆಯ ಕಂತಿನಲ್ಲಿ ಹಾಡುಗಳಿಗೆ ಬರ ಇರಲಿಲ್ಲ. ಪ್ರತಿಯೊಬ್ಬ ಪಾತ್ರಧಾರಿಗೂ ಅವನವನ ಹಾಡು ಸಿಕ್ಕಿತು, ಒನ್ಸ್ ಮೋರೂ ಸಿಕ್ಕಿತು. ಅದಕ್ಕೆ ನನ್ನ ತಕರಾರಿಲ್ಲ. ಹತ್ತು ವರ್ಷ ಜೊತೆಗಿದ್ದ ಮಕ್ಕಳು ಹಾಡಿಕೊಳ್ಳಲಿ. ತಕರಾರು ಇರುವುದು ಬೀಳುವ ವಿಚಾರದಲ್ಲಿ. ಹಿಂದಿನ ಸೀಸನ್ನುಗಳಲ್ಲಿ ಬಾಬ್ ಬಿದ್ದ, ಬಿಲ್ಲಿ ಬಿದ್ದ, ಎಡ್ಡಿ ಬಿದ್ದ. ಆದರೆ ಇವರೆಲ್ಲ ಆಯಾ ಸೀಸನ್ನಿಗೆ ಬಂದ ಅಥವಾ ಅಂಚಿನಲ್ಲಿದ್ದ ಜನ. ಮೊದಲಿನಿಂದ ಜೊತೆಗಿದ್ದ, ಸತ್ತನೆಂದು ನಾವು ಅತ್ತ ಹಾಪರ್ ರಷ್ಯಾದ ಜೈಲಿನಿಂದ ವಾಪಸ್ಸು ಬಂದ. ಒಳಗಿನ ಮನೆಯವರಿಗೆ ಏನೂ ಆಗುವುದಿಲ್ಲ ಎಂದು ಒಂದು ಸಲ ತಿಳಿದುಹೋದರೆ ಆಮೇಲೆ ಗೋಪುರ ಎಷ್ಟು ಎತ್ತರ ಇದ್ದರೇನು? ಕಥೆಯೊಂದು ಇಷ್ಟು ವರ್ಷ "ಇದಕ್ಕೆ ಬೆಲೆ ತೆರಬೇಕಾಗುತ್ತದೆ" ಎಂದು ಹೆದರಿಸುತ್ತ ಬಂದಿದ್ದರೆ, ಕೊನೆಗೆ ಆ ಬೆಲೆಯನ್ನು ಯಾರಾದರೂ ತೆರಬೇಕು. ಅದು ಪ್ರಾಣವೇ ಆಗಬೇಕೆಂದಿಲ್ಲ. ಒಂದು ಸ್ನೇಹ ಒಡೆಯಬಹುದಿತ್ತು, ಯಾರೋ ಯಾರನ್ನೋ ಕ್ಷಮಿಸದೆ ಉಳಿಯಬಹುದಿತ್ತು.

ಕನ್ನಡದವರಿಗೆ ಇದು ಹೊಸ ಪಾಠವೇನಲ್ಲ. ರನ್ನ ಇಡೀ ಭಾರತದ ಕೊನೆಯನ್ನಷ್ಟೇ ಎತ್ತಿಕೊಂಡು 'ಗದಾಯುದ್ಧ' ಕಟ್ಟಿದ. ಕೊನೆಯಲ್ಲಿ ನಿಂತು ಹಿಂದಿನದನ್ನೆಲ್ಲ ತಿರುಗಿ ನೋಡುವ ಸಿಂಹಾವಲೋಕನ ಕ್ರಮ ಅದು. ಡಫರ್ ಸೋದರರೂ ಹಿಂದಿನ ಸೀಸನ್ನುಗಳನ್ನು ಮತ್ತೆ ಮತ್ತೆ ತಿರುಗಿ ನೋಡಿದರು. ಆದರೆ ರನ್ನನ ದುರ್ಯೋಧನ ತಿರುಗಿ ನೋಡುವುದು ರಣರಂಗದ ಹೆಣಗಳ ನಡುವೆ ನಡೆಯುತ್ತ. ಅಲ್ಲಿ ದ್ರೋಣ, ಅಲ್ಲಿ ಮಗ ಲಕ್ಷಣಕುಮಾರ, ಅಲ್ಲಿ ತಮ್ಮ ದುಶ್ಶಾಸನ, ಅಲ್ಲಿ ಕರ್ಣ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಅವನು ಹೊಗಳುತ್ತಾನೆ. ಪ್ರತಿ ಹೆಜ್ಜೆಗೂ ತಾನು ಮಾಡಿದ್ದರ ಬಿಲ್ಲು ಎದುರಿಗೆ ಬರುತ್ತದೆ. ಅಷ್ಟಾದ ಮೇಲೆ ಬೀಳುವವನು ಖಳನಾಗಿ ಉಳಿಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ದುಡ್ಡು ಕೊಟ್ಟು ಅವನ ಪಾತ್ರ ಹಿಡಿಯುವಷ್ಟು ದೊಡ್ಡವನಾಗುತ್ತಾನೆ. ಕುಮಾರವ್ಯಾಸನಂತೂ ಗದಾಪರ್ವಕ್ಕೇ ಹತ್ತು ಪರ್ವ ಮುಗಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿ ಮಾಡಿದ. ಊರೂರಲ್ಲಿ ಗಮಕಿಗಳು ಓದಿದ್ದು, ಮಳೆ ಬಾರದಿದ್ದಾಗ ವಿರಾಟಪರ್ವ ಓದಿಸಿದ್ದು ಕುಮಾರವ್ಯಾಸನನ್ನು. ಪೂರ್ತಿಯಾಗದೇ ಉಳಿದದ್ದಕ್ಕೆ ಯಾರೂ ಅವನ ಮೇಲೆ ಮುನಿಸಿಕೊಂಡಂತೆ ಕಾಣೆ.

ನೋಡುವವರಿಗೆ ಸಿಹಿಯೇ ಬೇಕು ಎಂಬುದೂ ಪೂರ್ತಿ ನಿಜವಲ್ಲ. ದೂರದರ್ಶನದ 'ರಾಮಾಯಣ' 1988ರ ಜುಲೈ 31ಕ್ಕೆ ಮುಗಿಯಿತು. ರಾವಣ ಸತ್ತ, ರಾಮ ಅಯೋಧ್ಯೆಗೆ ಬಂದ, ಎಲ್ಲ ಶುಭ. ಪಂಜಾಬಿನ ಜಲಂಧರ್ ಮೊದಲಾದ ಕಡೆ ವಾಲ್ಮೀಕಿ ಸಮುದಾಯದ ಪೌರಕಾರ್ಮಿಕರು ಇದಕ್ಕೆ ಒಪ್ಪದೆ ಕೆಲಸ ನಿಲ್ಲಿಸಿದರು. ಬೀದಿಯಲ್ಲಿ ಕಸ ರಾಶಿ ಬಿತ್ತು. ಅವರ ಬೇಡಿಕೆ ಉತ್ತರಕಾಂಡ: ಸೀತೆ ಕಾಡು ಪಾಲಾಗುವುದು, ವಾಲ್ಮೀಕಿಯ ಆಶ್ರಮ, ಲವಕುಶರು, ಕಡೆಗೆ ತಾಯಿ ಭೂಮಿಯೊಳಗೆ ಇಳಿಯುವುದು. ಸರ್ಕಾರ ಮಣಿಯಿತು, 'ಉತ್ತರ ರಾಮಾಯಣ' ಬಂತು. ಸುಖಾಂತ್ಯ ಕೊಟ್ಟರೂ ಬೇಡ, ನೋವಿರುವ ಕಾಂಡವನ್ನು ತೋರಿಸಿ ಎಂದು ಮುಷ್ಕರ ಹೂಡಿದ ಪ್ರೇಕ್ಷಕರು ಅವರು. ತಮ್ಮ ಗುರು ಇರುವುದು ಆ ನೋವಿನ ಕಾಂಡದಲ್ಲೇ ಎಂಬುದು ಅವರಿಗೆ ಗೊತ್ತಿತ್ತು.

'ಸ್ಟ್ರೇಂಜರ್ ಥಿಂಗ್ಸ್' ಅಭಿಮಾನಿಗಳಲ್ಲೂ ಒಂದು ಬಣ ಅಂತ್ಯವನ್ನು ಒಪ್ಪಲಿಲ್ಲ. ನಾವು ನೋಡಿದ್ದೆಲ್ಲ ವೆಕ್ನಾ ಹುಟ್ಟಿಸಿದ ಭ್ರಮೆ, ನಿಜವಾದ ಕಂತನ್ನು ಬಚ್ಚಿಟ್ಟಿದ್ದಾರೆ, ಜನವರಿ 7ಕ್ಕೆ ಬರುತ್ತದೆ ಎಂದು ಅವರು ನಂಬಿದರು. ಶಾಲೆಯ ಸಮಾರಂಭದಲ್ಲಿ ತೊಟ್ಟ ಗೌನಿನ ಬಣ್ಣ, ಜನ ಕೈಕಟ್ಟಿ ಕೂತ ರೀತಿ, ಎಲ್ಲವೂ ಪುರಾವೆ ಆಯಿತು. ಅಕ್ಕನ ಮಗಳೂ ಬೆಂಗಳೂರಿನಿಂದ ಫೋನು ಮಾಡಿ ಅರೆನಂಬಿಕೆಯಲ್ಲಿ ಹೇಳಿದಳು. ಏಳನೇ ತಾರೀಕು ಬಂತು, ಹೋಯಿತು, ಯಾವ ಕಂತೂ ಬರಲಿಲ್ಲ. ನನಗೆ ಆ ನಂಬಿದವರ ಮೇಲೆ ನಗು ಬರಲಿಲ್ಲ. ಅತಿಯಾಗಿ ನೆಮ್ಮದಿಯಾಗಿರುವ ಲೋಕ ಕಂಡಾಗ ಇದು ನಿಜವಿರಲಾರದು ಎಂದು ಅವರಿಗೆ ಅನ್ನಿಸಿತು. ಹಾಗೆ ಅನುಮಾನಿಸಲು ಕಲಿಸಿದ್ದು ಇದೇ ಸರಣಿ, ಗೋಡೆಯ ಬಲ್ಬುಗಳ ಮುಂದೆ ಕೂರಿಸಿ.

ಇನ್ನು ಇಲೆವೆನ್ ವಿಚಾರ. ಇಡೀ ಕಂತಿನಲ್ಲಿ ನನ್ನ ಎದೆ ಒಂದು ಕ್ಷಣ ನಿಂತದ್ದು ಅವಳಿಂದ. ವಿಲ್ ಸಿಕ್ಕಿಕೊಂಡಿದ್ದ ಆ ತಲೆಕೆಳಗಾದ ಲೋಕ ಸ್ಫೋಟಗೊಳ್ಳುವಾಗ ಅವಳು ಗೆಳೆಯರ ಜೊತೆ ಹೊರಗೆ ಬರುವುದಿಲ್ಲ, ಬಾಗಿಲ ಆಚೆಯೇ ನಿಲ್ಲುತ್ತಾಳೆ. ತಾನು ಬದುಕಿರುವ ತನಕ ತನ್ನ ರಕ್ತಕ್ಕಾಗಿ ಸರ್ಕಾರ ಇನ್ನಷ್ಟು ಮಕ್ಕಳನ್ನು ಹಿಂಸಿಸುತ್ತದೆ ಎಂದು ತಿಳಿದ ಹುಡುಗಿಯ ತೀರ್ಮಾನ ಅದು. ಹಿನ್ನೆಲೆಯಲ್ಲಿ ಪ್ರಿನ್ಸ್‌ನ 'ಪರ್ಪಲ್ ರೇನ್'. ಇದಕ್ಕೇ ಇಷ್ಟು ವರ್ಷ ಕಾದೆವು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವಳ ಗೆಳೆಯ ಮೈಕ್ ಉಳಿದವರನ್ನು ಕೂರಿಸಿಕೊಂಡು ಒಂದು ಕಥೆ ಹೇಳುತ್ತಾನೆ. ಭ್ರಮೆ ಹುಟ್ಟಿಸುವ ಶಕ್ತಿಯಿದ್ದ ಕಾಲಿ ಎಂಬ ಗೆಳತಿ ಸಾಯುವ ಮುನ್ನ ಎಲ್ಲರ ಕಣ್ಣಿಗೆ ಮಂಕು ಕವಿಸಿರಬಹುದು. ಇಲೆವೆನ್ ತಪ್ಪಿಸಿಕೊಂಡು ದೂರದ ಯಾವುದೋ ಊರಿನಲ್ಲಿ, ಜಲಪಾತಗಳ ಹತ್ತಿರ, ಬದುಕಿರಬಹುದು. ನಂಬುತ್ತೇನೆ ಎಂದು ಒಬ್ಬೊಬ್ಬರೂ ಹೇಳುತ್ತಾರೆ. ಜಲಪಾತದ ದೃಶ್ಯವೂ ಬರುತ್ತದೆ.

"ಮೂರು ಜಲಪಾತ ಇರೋ ಊರಿಗೆ ಹೋಗೋಣ ಅಂತ ಮೈಕ್ ಅವಳಿಗೆ ಹೇಳಿದ್ದ ಮಾವ, ನಿಮ್ಮೂರಿಗೇ ಬಂದಿರ್ತಾಳೆ" ಎಂದಿದ್ದಳು ಹುಡುಗಿ. ಲೆಕ್ಕ ಹಾಕಿದೆವು. ಗಗನಚುಕ್ಕಿ ನಮ್ಮ ಜಿಲ್ಲೆಯದು. ಭರಚುಕ್ಕಿ ಚಾಮರಾಜನಗರಕ್ಕೆ ಸೇರಿದ್ದು. ಮೂರನೆಯದಕ್ಕೆ ಹೊಗೆನಕಲ್ಲಿಗೆ ಹೋಗಬೇಕು, ಅಲ್ಲಿ ತಮಿಳುನಾಡಿನ ಜೊತೆ ಗಡಿ ತಕರಾರು. ಸರ್ಕಾರದ ಕಣ್ಣು ತಪ್ಪಿಸಿ ಓಡಿಬಂದವಳಿಗೆ ಒಳ್ಳೆಯ ಜಾಗವಲ್ಲ ಎಂದು ಕೈಬಿಟ್ಟೆವು.

ತಮಾಷೆ ಇರಲಿ. ಅವಳು ಇದ್ದಾಳೋ ಇಲ್ಲವೋ ಎಂಬುದನ್ನು ನೋಡುವವರಿಗೆ ಬಿಟ್ಟಿದ್ದು ಜಾಣತನ ಎಂದು ಮೆಚ್ಚಿದವರಿದ್ದಾರೆ. ನನಗೂ ಮೆಚ್ಚುವ ಆಸೆ. ಉಳಿದ ಎಲ್ಲರನ್ನೂ ಕೈಹಿಡಿದು ಎತ್ತಿಕೊಂಡ ಕಂತು ಅದಾಗಿರದಿದ್ದರೆ ಮೆಚ್ಚುತ್ತಿದ್ದೆ. ಜೊತೆಗಿದ್ದವರಲ್ಲಿ ಒಬ್ಬಳಾದರೂ ಬೆಲೆ ತೆತ್ತಳು ಎಂದುಕೊಂಡರೆ, ತೆತ್ತದ್ದಕ್ಕೆ ರಸೀದಿ ಹರಿದುಕೊಡಲೂ ಅವರಿಗೆ ಮನಸ್ಸು ಬರಲಿಲ್ಲ.

ಇದನ್ನೆಲ್ಲ ದೊಡ್ಡಪ್ಪನಿಗೆ ಸಾಧ್ಯವಾದಷ್ಟು ಬಿಡಿಸಿ ಹೇಳಿದೆ. ಬೇರೆ ಲೋಕ, ಮನಸ್ಸಿನಲ್ಲೇ ವಸ್ತು ಎತ್ತುವ ಹುಡುಗಿ, ಬಾಂಬು, ಜಲಪಾತ. ಮಾಯಾಬಜಾರ್ ಕಂಡವನಿಗೆ ಇದರಲ್ಲಿ ಅರ್ಥವಾಗದ್ದೇನೂ ಇರಲಿಲ್ಲ. ಕೊನೆಗೆ ಕೇಳಿದ.

"ಎಲ್ಲಾ ಸರಿ ಕಣ್ಲಾ, ಆ ಹೆಣ್ಮಗ ಸತ್ತಳೋ ಇಲ್ವೋ?"

"ಹೇಳಿಲ್ಲ ದೊಡ್ಡಪ್ಪ. ನಂಬಿದ್ರೆ ಅವ್ಳೆ, ನಂಬದಿದ್ರೆ ಇಲ್ಲ."

ದೊಡ್ಡಪ್ಪ ಎಲೆಗೆ ಸುಣ್ಣ ಸವರುತ್ತ ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಹಂಗಾರೆ," ಎಂದ, "ಅವ್ರ ಮೇಷ್ಟ್ರು ದುಡ್ಡು ಈಸ್ಕಂಡವ್ರೆ ಬುಡು."